ಗಿಟಾರ್ ಪೆಡಲ್ ಬಗ್ಗೆ ಸಹಾಯ ಬೇಕು: ಡಿಎಸ್-1 ತಗೊಳ್ಳಲಾ, ರ‍್ಯಾಟ್ ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ನಂದು ಸ್ಟ್ರಾಟ್ ಮಾದರಿಯ ಗಿಟಾರ್, ಮೂರೂ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯೋ, ಒಂದೇ ಸುರುಳಿಯ ಭಾಗ). ಜೊತೆಗೆ 20 ವ್ಯಾಟಿನ ಸಾಲಿಡ್ ಸ್ಟೇಟ್ (ಟ್ಯೂಬ್ ಇಲ್ಲದ) ಆಂಪ್. ಅದರ ಗೇನ್ ಚಾನೆಲ್ ಹಾಕಿದರೆ ತಗಡಿನ ಡಬ್ಬಿಯೊಳಗೆ ಜೇನುಹುಳ ಬಿಟ್ಟ ಹಾಗೆ ಕೇಳಿಸುತ್ತೆ. ಕ್ಲೀನ್ ಚಾನೆಲ್ ಮಾತ್ರ ಚೆನ್ನಾಗಿದೆ, ಹಾಗಾಗಿ ಅದಕ್ಕೇ ದನಿ ಒಡೆದು ಒರಟಾಗಿಸೋ ಒಂದು ಡಿಸ್ಟಾರ್ಷನ್ ಪೆಡಲ್ ಹಾಕೋಣ ಅಂತ.

ಎರಡು ಹೆಸರಿಗೆ ಬಂದು ನಿಂತಿದ್ದೀನಿ. ಬಾಸ್ ಡಿಎಸ್-1 1978ರಿಂದ ಇರೋ ಕಿತ್ತಳೆ ಡಬ್ಬಿ, ಅಗ್ಗ, ಗಟ್ಟಿಮುಟ್ಟು. ಆದರೆ ಟೋನ್ ನಾಬ್ ಅರ್ಧ ದಾಟಿದರೆ ಕಿವಿ ಚುಚ್ಚುತ್ತೆ, ಮಿಡ್ಸ್ (ಮಧ್ಯದ ಸ್ವರಗಳು) ಸೊರಗಿ ಬ್ಯಾಂಡಿನ ಮಧ್ಯೆ ಗಿಟಾರ್ ಕಳೆದುಹೋಗುತ್ತೆ. ರ‍್ಯಾಟ್ ಇನ್ನೂ ದಪ್ಪ ದನಿ. ಗೇನ್ ಪೂರ್ತಿ ಏರಿಸಿದರೆ ಹೆಚ್ಚುಕಡಿಮೆ ಫಝ್, ಅಂದರೆ ಇನ್ನೂ ಒರಟಾದ ಗರಗರ ದನಿ. ಅದರ ಫಿಲ್ಟರ್ ನಾಬ್ ಉಲ್ಟಾ, ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಡಿಮೆ. ಗೆಳೆಯನ ಮನೆಯಲ್ಲಿ ಇದು ಗೊತ್ತಿಲ್ಲದೆ ಹತ್ತು ನಿಮಿಷ ಪೆದ್ದನ ಹಾಗೆ ತಿರುಗಿಸ್ತಾ ಕೂತಿದ್ದೆ!

ನುಡಿಸೋದು ಹಳೇ ಹಾರ್ಡ್ ರಾಕ್, ಸ್ವಲ್ಪ ಗ್ರಂಜ್. ಭಾರೀ ಮೆಟಲ್ ಏನಿಲ್ಲ. ಕೆಳಗಡೆ ಓನರ್ ಮನೆ, ಹಾಗಾಗಿ ಸಣ್ಣ ವಾಲ್ಯೂಮಿನಲ್ಲೂ ದನಿ ಸತ್ತುಹೋಗಬಾರದು. ಬಜೆಟ್ 10,000 ರೂಪಾಯಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ಸಿಂಗಲ್ ಕಾಯಿಲ್‌ನ ಗುಂಯ್ ಶಬ್ದ ಯಾವುದರಲ್ಲಿ ಜಾಸ್ತಿ? ನಾಯ್ಸ್ ಗೇಟ್ (ನುಡಿಸದಿದ್ದಾಗ ಆ ಶಬ್ದ ತಡೆಯೋ ಪೆಡಲ್) ಬೇಕೇ ಬೇಕಾ? ಇಲ್ಲಾ, ಡಿಎಸ್-1 ಗೇನ್ ಕಡಿಮೆ ಇಟ್ಟು, ಅದಕ್ಕಿಂತ ಮೊದಲು, ಗಿಟಾರ್ ಕಡೆ, ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ (ಹಗುರ ಡಿಸ್ಟಾರ್ಷನ್ ಪೆಡಲ್) ಹಾಕಿದರೆ ಮಿಡ್ಸ್ ವಾಪಸ್ ಬರುತ್ತಾ? ಸಿಂಗಲ್ ಕಾಯಿಲ್ ಗಿಟಾರಲ್ಲೇ ಇವನ್ನ ಬಳಸಿದವರು ನಿಮ್ಮ ನಾಬ್ ಸೆಟ್ಟಿಂಗ್ ಸಮೇತ ತಿಳಿಸಿ, ಪ್ಲೀಸ್.