ಎರಡನೇ ಅಡ್ಡರಸ್ತೆ ವಾಟ್ಸಾಪ್ ಗುಂಪು: ಕಾಫಿ ಮೂಟೆ ಹೋದ ವಿಚಾರ

ಮನೆ 7, ಬೆಳಗ್ಗೆ 6.40
ಎಲ್ಲರ ಗಮನಕ್ಕೆ. ಹಿತ್ತಲ ಕಣದಲ್ಲಿ ಟಾರ್ಪಾಲ್ ಹೊದಿಸಿಟ್ಟಿದ್ದ ಕಾಫಿಯಲ್ಲಿ ಎರಡು ಮೂಟೆ ರಾತ್ರಿ ಹೋಗಿದೆ. ನಾಯಿ ಬೊಗಳಿದ್ದು ಕೇಳಿಸಿತ್ತು. ಹಂದಿ ಬಂದಿರಬೇಕು ಅಂತ ಮಗ್ಗುಲು ಬದಲಿಸಿ ಮಲಗಿದೆ. ದೂರು ಕೊಡೋಕೆ ವಿರಾಜಪೇಟೆಗೆ ಹೊರಟಿದ್ದೇನೆ. ಭಾನುವಾರ ಸಂಜೆ 5ಕ್ಕೆ ನಮ್ಮಲ್ಲಿ ಸೇರೋಣ.

ಮನೆ 12, 6.52
ರೇಟು ಏರಿದ ಮೇಲೆ ಕಣ ಅಂದ್ರೆ ಚಿನ್ನದಂಗಡಿ ಆಗಿಬಿಟ್ಟಿದೆ. ಎರಡೂ ಕಡೆ ಗೇಟು, ಒಬ್ಬ ವಾಚ್‌ಮನ್, ಎಂಟು ಕ್ಯಾಮೆರಾ. ತಲಾ ಇಷ್ಟು ಅಂತ ಹಾಕಿ ಮುಗಿಸಿಬಿಡೋಣ.

ಮನೆ 9, 7.05
ಕ್ಯಾಮೆರಾ ಹಾಕಿ, ಬೇಡ ಅನ್ನಲ್ಲ. ಆದರೆ ನಿಮ್ಮ ಈಗಿನ ಕ್ಯಾಮೆರಾ ನಮ್ಮ ಬಚ್ಚಲಮನೆ ಕಿಟಕಿ ನೋಡ್ತಿದೆ. ಮೊದಲು ಅದನ್ನು ತಿರುಗಿಸಿ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದಾಗ ಅದಕ್ಕೂ ನಮಗೂ ಏನು ವ್ಯತ್ಯಾಸ? ಇಬ್ಬರಿಗೂ ಕಣ್ಣು ಕಾಣಲ್ಲ.

ಮನೆ 15, 7.11
ತೋಟದ ಕೆಲಸಗಾರರ ಲೈನ್ ಮನೆಗೆ ಹೊಸದಾಗಿ ಬಂದ ಅಸ್ಸಾಂನವರನ್ನು ವಿಚಾರಿಸಿದ್ರಾ?

ಮನೆ 9, 7.13
ಅವರು ಕುಯ್ದು ಕೊಟ್ಟ ಕಾಫಿಯೇ ಅಲ್ವಾ ಹೋಗಿದ್ದು. ಸಾಕ್ಷಿ ಇದ್ದರೆ ಪೊಲೀಸರಿಗೆ ಹೇಳಿ, ಇಲ್ಲಿ ಬರೀಬೇಡಿ. ಬಾಡಿಗೆಗೆ ಯಾರೇ ಬರಲಿ, ಗುರುತಿನ ದಾಖಲೆ ತಗೊಂಡು ಠಾಣೆಗೆ ಕೊಡುವ ಅಭ್ಯಾಸ ಆಗಲಿ. ಬೆಂಗಳೂರಿಂದ ಹೋಂಸ್ಟೇಗೆ ಬರೋರದ್ದೂ ಸೇರಿಸಿ.

ಮನೆ 3 (ನಿವೃತ್ತ ಸುಬೇದಾರ್), 7.30
ಒಂದಿಬ್ಬರು ಖಾಸಗಿಯಾಗಿ ಕೇಳಿದ್ರು, ‘ಕೋವಿ ಹಿಡಿದು ರಾತ್ರಿ ಒಂದು ಸುತ್ತು ಬರ್ತೀರಾ?’ ಅಂತ. ಬರಲ್ಲ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇರೋದು ನಿಜ, ಈಗಿನ ಆದೇಶ 2029ರ ಅಕ್ಟೋಬರ್ 31ರವರೆಗಿದೆ. ಹಾಗಂತ ಮೂಟೆ ಹೊತ್ತು ಓಡುವವನ ಬೆನ್ನಿಗೆ ಗುಂಡು ಹಾರಿಸೋ ಹಕ್ಕು ಯಾರಿಗೂ ಬರಲ್ಲ. ಆತ್ಮರಕ್ಷಣೆಗೂ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿ ಮಿತಿ ಬರೆದಿದೆ. ಕಾಫಿ ಅವನದ್ದಾಗುತ್ತೆ, ಜೈಲು ನಮ್ಮದು. ನನ್ನ ಕೋವಿ ಆಯುಧಪೂಜೆಯ ಕೈಲ್‌ಪೊಳ್ದ್‌ಗೆ ಹೂ ಮುಡಿಯುತ್ತೆ, ಸುಗ್ಗಿ ಹಬ್ಬ ಪುತ್ತರಿಗೆ ಒಂದು ಗುಂಡು. ಅಷ್ಟೇ ಸಾಕು.

ಮನೆ 1, 8.02
ನಾನು ಟೈಪ್ ಮಾಡೋದು ನಿಧಾನ, ಬೈಬೇಡಿ. ಮದುವೆಯಾಗಿ ಬಂದಾಗ ನಮ್ಮ ಐನ್‌ಮನೆ (ಕುಟುಂಬದ ಮೂಲಮನೆ) ಬಾಗಿಲಿಗೆ ಬೀಗ ಅನ್ನೋದನ್ನೇ ನೋಡಿರಲಿಲ್ಲ. ಮೂವತ್ತು ಜನ ಇರೋ ಮನೆಗೆ ಬೀಗ ಯಾಕೆ, ಯಾರಾದರೊಬ್ಬರು ಮುಂದಿನ ಜಗಲಿ, ಕೈಯಾಲೆಯಲ್ಲಿ ಕೂತಿರ್ತಿದ್ರು. ಹೆದರಿಕೆ ಏನಿದ್ದರೂ ಆನೆಯದ್ದು. ಈಗ ನನ್ನೊಬ್ಬಳಿಗೆ ನಾಲ್ಕು ಬೀಗ. ಮಗ ಬೆಂಗಳೂರಲ್ಲಿ ಕೂತು ಫೋನಲ್ಲಿ ನನ್ನ ಗೇಟು ನೋಡ್ತಾನೆ, ‘ಅಮ್ಮಾ, ಬೆಕ್ಕು ಬಂತು’ ಅಂತಾನೆ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಇದೆಲ್ಲ ತಿರುಗಾಮುರುಗಾ ಆಯ್ತು. ಬೀಗ ಹಾಕಿದ್ದರೆ ಕತ್ತಲಲ್ಲಿ ಹೊರಗೆ ಓಡೋದು ಹೇಗೆ ಅಂತ ಚಿಲಕ ಸರಿಸಿಯೇ ಮಲಗ್ತಿದ್ದೆ, ದಿಂಬಿನ ಪಕ್ಕ ಚೀಲ, ಅದರಲ್ಲಿ ಆರ್‌ಟಿಸಿ, ಬಿಪಿ ಮಾತ್ರೆ. ಈಗಲೂ ಮಳೆ ಜೋರಾದರೆ ಚಿಲಕ ತೆಗೀತೀನಿ, ನಿಂತರೆ ಹಾಕ್ತೀನಿ.
ಹೋದ ತಿಂಗಳು ಜಾರಿ ಬಿದ್ದೆನಲ್ಲ, ಅವತ್ತು ನಾಲ್ಕು ಬೀಗವೂ ಹಾಕಿತ್ತು. ಒಳಗೆ ಬರೋಕೆ ಮನೆ 9ರ ಹುಡುಗ ಹೆಂಚು ತೆಗೀಬೇಕಾಯ್ತು. ವಾಚ್‌ಮನ್ ಇಡಿ, ನನ್ನ ಪಾಲೂ ಕೊಡ್ತೀನಿ. ಆದರೆ ನನ್ನ ಒಂದು ಬೀಗದ ಕೈ ಈ ಬೀದೀಲಿ ಯಾರ ಹತ್ರ ಇರಬೇಕು, ಅದನ್ನೂ ಭಾನುವಾರ ತೀರ್ಮಾನ ಮಾಡಿ.

ಮನೆ 12, 8.20
ಕ್ಯಾಮೆರಾ ತಿರುಗಿಸಿದ್ದೇನೆ, ಕ್ಷಮಿಸಿ. ವಾಚ್‌ಮನ್ ವಿಷಯ ಭಾನುವಾರ ಮಾತಾಡೋಣ.

ಮನೆ 7, 11.45
ದೂರು ಕೊಟ್ಟಾಯ್ತು. ರಾತ್ರಿ ಅನುಮಾನ ಬಂದರೆ ಗುಂಪಲ್ಲಿ ಬರೀತಾ ಕೂರದೆ 112ಕ್ಕೆ ಮಾಡಿ ಅಂದ್ರು. ತಿರುವಿನ ಬೀದಿದೀಪ ಕೆಟ್ಟು ಎಷ್ಟು ದಿನ ಆಯ್ತು ಅಂತ ಕೇಳಿದ್ರು, ನನಗೆ ಹೇಳೋಕೆ ಗೊತ್ತಾಗಲಿಲ್ಲ. ದೀಪಾವಳಿಗೆ ಉರೀತಿತ್ತಾ?

ಮನೆ 15, 11.50
ಇಲ್ಲ. ಅದಕ್ಕೂ ಮುಂಚೆಯೇ ಹೋಗಿತ್ತು.

ಮನೆ 3, 11.52
ಪಂಚಾಯಿತಿಗೆ ಅರ್ಜಿ ನಾನು ಬರೀತೀನಿ, ಎಲ್ಲರೂ ಸಹಿ ಹಾಕಿ. ಅಲ್ಲೀವರೆಗೆ ಮನೆ 15ರ ಗೋಡೆಗೆ ಒಂದು ಬಲ್ಬ್ ಹಾಕೋಣ. ಏಣಿ ಯಾರ ಹತ್ರ ಇದೆ?

ಮನೆ 1, 11.58
ನಮ್ಮಲ್ಲಿ ಮೆಣಸು ಕುಯ್ಯೋ ಏಣಿ ಇದೆ. ಗೇಟು ತೆಗೆದಿಟ್ಟಿರ್ತೀನಿ.