ಟೂಲ್ ರೂಮ್ ಪ್ರಶ್ನೋತ್ತರ: ಮೂರೇ ದಿನಕ್ಕೆ ಬಿರುಕು ಬಿಟ್ಟ ಡೈ

ಅಡ್ಮಿನ್: 28 ವರ್ಷ ಟೂಲ್ ರೂಮಿನಲ್ಲಿ ಕೆಲಸ ಮಾಡಿದ ಡೈ ಮೇಕರ್ ಒಬ್ಬರು ಇಂದು ನಮ್ಮ ಜೊತೆ ಇದ್ದಾರೆ. ಪ್ರೆಸ್ ಟೂಲ್ (ಶೀಟ್ ಕತ್ತರಿಸುವ ಪಂಚ್ ಮತ್ತು ಅದರ ಕೆಳಗೆ ಕಿಂಡಿಯಿರುವ ಡೈ), ಹೀಟ್ ಟ್ರೀಟ್‌ಮೆಂಟ್, ವೈರ್‌ಕಟ್ (ಕಿಡಿ ಹಾರಿಸುವ ತಂತಿಯಿಂದ ಉಕ್ಕು ಕತ್ತರಿಸುವುದು), ಏನೇ ಇದ್ದರೂ ಕೇಳಿ.

ಟ್ರೈನಿ: ನಮಸ್ಕಾರ ಸರ್. 1 ಮಿ.ಮೀ. ಮೈಲ್ಡ್ ಸ್ಟೀಲ್ ಶೀಟಿಗೆ ಪಂಚ್ ಮತ್ತು ಡೈ ನಡುವೆ ಎಷ್ಟು ಕ್ಲಿಯರೆನ್ಸ್ ಬಿಡಬೇಕು?

ಡೈ ಮೇಕರ್: ನಮಸ್ಕಾರ. ಒಂದೊಂದು ಬದಿಗೆ ಶೀಟಿನ ದಪ್ಪದ ಶೇ. 5ರಿಂದ 8. ಅಂದರೆ ನಿಮಗೆ 0.05ರಿಂದ 0.08 ಮಿ.ಮೀ. ಬದಿಗೆ ಇಷ್ಟು, ಒಟ್ಟು ಅಲ್ಲ. ಹೊಸಬರು ಇಲ್ಲೇ ಎಡವುತ್ತಾರೆ. ಇನ್ನೊಂದು ವಿಷಯ. ತೂತಿನ ಅಳತೆ ಮುಖ್ಯ ಆದರೆ ಪಂಚನ್ನು ಅಳತೆಗೆ ಮಾಡಿ, ಕ್ಲಿಯರೆನ್ಸ್ ಡೈಗೆ ಕೊಡಿ. ಕೆಳಗೆ ಬೀಳುವ ತುಂಡೇ ಬೇಕಾದರೆ ಡೈ ಅಳತೆಗೆ ಇರಲಿ, ಪಂಚ್ ಸಣ್ಣದಾಗಲಿ.

ವೈರ್‌ಕಟ್ ಆಪರೇಟರ್: ಸರ್, ನಮ್ಮ ಡಿ2 ಉಕ್ಕಿನ ಡೈ ಪ್ರೆಸ್ಸಿಗೆ ಹಾಕಿದ ಮೂರನೇ ದಿನವೇ ಬಿರುಕು ಬಿಟ್ಟಿದೆ. ಚೌಕದ ಕಿಂಡಿ, ಅದರ ಮೂಲೆಯಿಂದ ಹೊರಗಿನ ಅಂಚಿನವರೆಗೆ ಗೆರೆ. 2 ಮಿ.ಮೀ. ಶೀಟ್. ಹಾರ್ಡ್‌ನೆಸ್ 62 ಎಚ್‌ಆರ್‌ಸಿ (ರಾಕ್‌ವೆಲ್ ಅಳತೆ). ಹಾರ್ಡನಿಂಗ್ (ಕಾಯಿಸಿ ಗಟ್ಟಿ ಮಾಡುವುದು) ಆದ ಮೇಲೆ ನಾನು ವೈರ್‌ಕಟ್ ಮಾಡಿದ್ದು. ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸುತ್ತಿದ್ದಾರೆ.

ಡೈ ಮೇಕರ್: ಇದನ್ನು ನಿಧಾನವಾಗಿ ನೋಡೋಣ. ಬಿರುಕು ಕಾಣಿಸಿದ ಜಾಗ ಬೇರೆ, ಹುಟ್ಟಿದ ಜಾಗ ಬೇರೆ ಇರಬಹುದು. ಮೊದಲು ಹುಟ್ಟಿದ ಜಾಗ ಹುಡುಕಬೇಕು.

ಡೈ ಹೇಗೂ ಹೋಯಿತು. ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು, ಬಿರುಕಿನ ಗುಂಟ ಅದನ್ನು ಪೂರ್ತಿ ಬಿಡಿಸಿ. ಚೂರು ಸಿಡಿಯುತ್ತದೆ, ಹುಷಾರು. ಒಡೆದ ಮುಖವನ್ನು ಒರೆಸಬೇಡಿ. ಹಾಗೇ ಬೆಳಕಿಗೆ ಹಿಡಿದು ನೋಡಿ. ಪೂರ್ತಿ ಬೂದು ಬಣ್ಣ ಇದ್ದು ಸಕ್ಕರೆ ಮುರಿದ ಹಾಗೆ ಮಿನುಗಿದರೆ ಅದು ಪ್ರೆಸ್ಸಿನಲ್ಲೇ ಒಡೆದದ್ದು. ಎಲ್ಲಾದರೂ ಒಣಹುಲ್ಲಿನ ಹಳದಿ, ನೀಲಿ, ಕಪ್ಪು ಬಣ್ಣ ಇದ್ದರೆ ಆ ಭಾಗ ಟೆಂಪರಿಂಗ್‌ಗೆ (ಗಟ್ಟಿ ಮಾಡಿದ ಮೇಲೆ ಹದಕ್ಕೆ ಮತ್ತೆ ಕಾಯಿಸುವುದಕ್ಕೆ) ಮುಂಚೆಯೇ ತೆರೆದುಕೊಂಡಿತ್ತು ಅಂತ ಅರ್ಥ. ಕುಲುಮೆಯ ಗಾಳಿ ಒಳಗೆ ಹೋಗಿ ಬಣ್ಣ ಕಟ್ಟಿರುತ್ತದೆ. ತುಕ್ಕಿನ ಕಂದು ಬಣ್ಣಕ್ಕೆ ಮೋಸ ಹೋಗಬೇಡಿ, ಅದು ಕೆರೆದರೆ ಪುಡಿಯಾಗಿ ಬರುತ್ತದೆ. ಆದರೆ ವ್ಯಾಕ್ಯೂಮ್ ಕುಲುಮೆಯಲ್ಲಿ ಟೆಂಪರ್ ಮಾಡಿಸಿದ್ದರೆ ಈ ಗುರುತು ಸಿಗಲ್ಲ.

ಬಣ್ಣ ಎಲ್ಲೂ ಇಲ್ಲದಿದ್ದರೆ ಇಷ್ಟು ಹೇಳಿ. ಎಷ್ಟು ಸಲ ಟೆಂಪರ್ ಆಗಿದೆ? ಡಿ2ಗೆ ಎರಡು ಸಲ ಬೇಕೇ ಬೇಕು. ವೈರ್‌ಕಟ್ ಒಂದೇ ಪಾಸಿನಲ್ಲಿ ಮುಗಿಸಿದಿರಾ? ಮೊದಲ ರಫ್ ಕಟ್ ಕರಗಿ ಮತ್ತೆ ಗಟ್ಟಿಯಾದ ಒಂದು ತೆಳು ಪದರ ಬಿಟ್ಟು ಹೋಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎರಡು ಮೂರು ಸ್ಕಿಮ್ ಪಾಸ್ (ತೆಳುವಾಗಿ ಸವರುವ ಕಟ್) ಕೊಟ್ಟು ಅದನ್ನು ತೆಗೆಯಬೇಕು. ಮೂಲೆಗೆ ರೇಡಿಯಸ್ (ದುಂಡು) ಇದೆಯಾ? ಡೈ ಕಿಂಡಿ ಕೆಳಗೆ ಹೋದಂತೆ ಅಗಲವಾಗುವ ಟೇಪರ್ ಇದೆಯಾ? ಟೇಪರ್ ಇಲ್ಲದಿದ್ದರೆ ಸ್ಲಗ್ (ಕತ್ತರಿಸಿ ಬಿದ್ದ ತುಂಡು) ಒಂದರ ಮೇಲೊಂದು ಕೂತು ಡೈಯನ್ನು ಒಳಗಿನಿಂದ ಸೀಳಿಬಿಡುತ್ತವೆ. ಮತ್ತೆ, 2 ಮಿ.ಮೀ. ಶೀಟಿಗೆ 62 ಜಾಸ್ತಿ. ನಾನಾದರೆ 58ರಿಂದ 60 ಇಡುತ್ತೇನೆ.

ಸದಸ್ಯ 1: ಸರ್, ಒಂದು ಫಾರ್ವರ್ಡ್ ಬಂದಿದೆ. ಡೈಯನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಉಪ್ಪುನೀರಿಗೆ ಅದ್ದಿದರೆ ಜನ್ಮದಲ್ಲಿ ಸವೆಯಲ್ಲವಂತೆ.

ಡೈ ಮೇಕರ್: ದಯವಿಟ್ಟು ಮಾಡಬೇಡಿ. ಡಿ2 ಗಾಳಿಯಲ್ಲೇ ಗಟ್ಟಿಯಾಗುವ ಉಕ್ಕು. 1010ರಿಂದ 1030 ಡಿಗ್ರಿ ಸೆಲ್ಸಿಯಸ್‌ಗೆ ಒಂದೇ ಸಮ ಕಾಯಬೇಕು, ಒಳಗಿನವರೆಗೂ. ಟಾರ್ಚಿನಲ್ಲಿ ಅಂಚು ಕೆಂಪಾದಾಗ ನಡು ತಣ್ಣಗೇ ಇರುತ್ತದೆ. ಅಂಥದ್ದನ್ನು ಉಪ್ಪುನೀರಿಗೆ ಹಾಕಿದರೆ ನಿಮ್ಮ ಕಣ್ಣೆದುರೇ ಒಡೆಯುತ್ತದೆ.

ಸದಸ್ಯ 2: ಕ್ಲಿಯರೆನ್ಸ್ ಎಷ್ಟು ಬಿಡಬೇಕು ಸರ್?

ಡೈ ಮೇಕರ್: ಮೇಲೆ ಬರೆದಿದ್ದೇನೆ.

ಹಳೆಯ ಫಿಟ್ಟರ್: ಈಗಿನವರಿಗೆ ಮಷಿನ್ ಬಿಟ್ಟರೆ ಕೈ ಕೆಲಸವೇ ಬರಲ್ಲ. ನಾವು ಬ್ಲೂ (ತಾಗುವ ಜಾಗ ತೋರಿಸುವ ನೀಲಿ ಬಣ್ಣ) ಹಚ್ಚಿ, ಫೈಲ್ ಹಿಡಿದು, ಪಂಚಿಗೆ ಡೈ ಕೂರಿಸುತ್ತಿದ್ದೆವು. ಒಂದೂ ಒಡೆದಿಲ್ಲ.

ಸಿಎನ್‌ಸಿ ಪ್ರೋಗ್ರಾಮರ್: ಅಣ್ಣ, ನಿಮ್ಮ ಒಂದು ಡೈಗೆ ಒಂದು ತಿಂಗಳು ಹಿಡಿಯುತ್ತಿತ್ತು. ಇನ್ಸರ್ಟ್ (ಡೈಯಲ್ಲಿ ಕೂರಿಸುವ ಬಿಡಿಭಾಗ) ಒಡೆದರೆ ನಾನು ಅದೇ ಪ್ರೋಗ್ರಾಂ ಹಾಕಿ ನಾಳೆಯೇ ಇನ್ನೊಂದು ಕೊಡುತ್ತೇನೆ. ನಿಮ್ಮದನ್ನು ಮತ್ತೆ ಅದೇ ಅಳತೆಗೆ ಮಾಡಿ ತೋರಿಸಿ.

ಹಳೆಯ ಫಿಟ್ಟರ್: ಪ್ರೋಗ್ರಾಂ ತಪ್ಪಿದ್ದರೆ ಅದೇ ತಪ್ಪು ಇನ್ನೊಂದರಲ್ಲೂ ಬರುತ್ತೆ ಅಲ್ವಾ?

ಟ್ರೈನಿ: ಡಿಸೈನ್ ಕಲಿಯೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಸರ್?

ಸಿಎನ್‌ಸಿ ಪ್ರೋಗ್ರಾಮರ್: ಮೈಕ್ರಾನ್ ಲೆಕ್ಕ ಫೈಲಿನಲ್ಲಿ ಬರಲ್ಲ ಅಣ್ಣ. ಸುಮ್ನೆ ವಾದ ಬೇಡ.

ಹಳೆಯ ಫಿಟ್ಟರ್: ಫೈಲ್ ಹಿಡಿಯದವನು ಮೈಕ್ರಾನ್ ಬಗ್ಗೆ ಪಾಠ ಹೇಳಬೇಡ.

ಅಡ್ಮಿನ್: ಇಬ್ಬರೂ ಸ್ವಲ್ಪ ತಡೆಯಿರಿ. ಪ್ರಶ್ನೆ ಕೇಳುವವರಿಗೆ ಜಾಗ ಬಿಡಿ.

ಪ್ರೆಸ್ ಶಾಪ್ ಸೂಪರ್‌ವೈಸರ್: ಸುತ್ತಳತೆ 200 ಮಿ.ಮೀ., 2 ಮಿ.ಮೀ. ಮೈಲ್ಡ್ ಸ್ಟೀಲ್. ಎಷ್ಟು ಟನ್ ಪ್ರೆಸ್ ಬೇಕು? ಇನ್ನೊಂದು, ಟ್ರಯಲ್ ತೆಗೆಯುವಾಗ ಲೈಟ್ ಕರ್ಟನ್ (ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಬೆಳಕಿನ ಪರದೆ) ಪದೇ ಪದೇ ನಿಲ್ಲಿಸುತ್ತದೆ. ಆಫ್ ಮಾಡಿಕೊಳ್ಳಬಹುದಾ?

ಡೈ ಮೇಕರ್: ಸುತ್ತಳತೆ, ದಪ್ಪ, ಶಿಯರ್ ಸ್ಟ್ರೆಂತ್ (ಕತ್ತರಿಸಲು ಬೇಕಾದ ಬಲ, ಇಲ್ಲಿ ಚದರ ಮಿ.ಮೀ.ಗೆ 350 ನ್ಯೂಟನ್), ಮೂರನ್ನೂ ಗುಣಿಸಿ. 200 × 2 × 350 = 1,40,000 ನ್ಯೂಟನ್. ಸುಮಾರು 14 ಟನ್. 20 ಟನ್ ಪ್ರೆಸ್ ತೆಗೆದುಕೊಳ್ಳಿ.

ಎರಡನೆಯದಕ್ಕೆ ಉತ್ತರ: ಬೇಡ. ಯಾವ ಕಾರಣಕ್ಕೂ ಬೇಡ. ಟ್ರಯಲ್ ಹೊತ್ತಿನಲ್ಲೇ ಕೈ ಜಾಸ್ತಿ ಒಳಗೆ ಹೋಗುವುದು. ತುಂಡು ಸಿಕ್ಕಿಕೊಂಡಿತು, ಎತ್ತೋಣ ಅಂತ ಕೈ ತಾನಾಗಿ ಹೋಗಿಬಿಡುತ್ತದೆ. ನನ್ನ ಜೊತೆಗಾರನೊಬ್ಬ ಹಾಗೆಯೇ ಎರಡು ಬೆರಳು ಕಳೆದುಕೊಂಡ. ನಾನು ಪಕ್ಕದಲ್ಲೇ ನಿಂತಿದ್ದೆ. ಕರ್ಟನ್ ಸುಮ್ಮನೆ ನಿಲ್ಲಿಸುತ್ತಿದ್ದರೆ ಅದನ್ನು ಸರಿ ಮಾಡಿಸಿ. ಒಳಗೆ ಕೈ ಹಾಕಲೇಬೇಕಾದರೆ ಪವರ್ ತೆಗೆಯಿರಿ, ಫ್ಲೈವೀಲ್ ಪೂರ್ತಿ ನಿಲ್ಲಲಿ, ಪ್ರೆಸ್ಸಿನ ರಾಮ್ (ಮೇಲೆ ಕೆಳಗೆ ಆಡುವ ಭಾಗ) ಕೆಳಗೆ ಸೇಫ್ಟಿ ಬ್ಲಾಕ್ ಇಡಿ.

ಸದಸ್ಯ 1: ಇನ್ನೊಂದು ಫಾರ್ವರ್ಡ್ ಇದೆ ಸರ್. ಪಂಚನ್ನು ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಆಯುಸ್ಸು ಎರಡು ಪಟ್ಟು.

ಡೈ ಮೇಕರ್: ಮನೆಯ ಫ್ರೀಜರ್ ಮೈನಸ್ 18 ಡಿಗ್ರಿ. ಸಬ್‌ಜೀರೋ ಟ್ರೀಟ್‌ಮೆಂಟ್ ಅಂದರೆ ಮೈನಸ್ 80ರ ಆಸುಪಾಸು, ಅದಕ್ಕಿಂತ ಕೆಳಗೂ ಹೋಗುತ್ತಾರೆ. ಅದನ್ನೂ ಹಾರ್ಡನಿಂಗ್ ಜೊತೆಗೇ ಮಾಡಬೇಕು. ಇನ್ನು ಫಾರ್ವರ್ಡ್ ಹಾಕಬೇಡಿ. ಯಾರೋ ನಂಬಿ ಮಾಡುತ್ತಾರೆ, ಡೈ ಹೋಗುತ್ತದೆ, ಬೈಗುಳ ಅದನ್ನು ಮಾಡಿದ ಹುಡುಗ ತಿನ್ನುತ್ತಾನೆ.

ಸದಸ್ಯ 1: ಗೊತ್ತಿಲ್ಲದೆ ಕೇಳಿದರೆ ಇಷ್ಟು ಸಿಟ್ಟೇಕೆ?

ಸದಸ್ಯ 3: ಸರ್ ಕ್ಲಿಯರೆನ್ಸ್?

ಡೈ ಮೇಕರ್: ಮೇಲಿದೆ. ಓದಿ.

ಸದಸ್ಯ 4: ಕಾರ್ಬೈಡ್ ಪಂಚ್ ಬಗ್ಗೆ ಸ್ವಲ್ಪ ಹೇಳ್ತೀರಾ?

ಹಳೆಯ ಫಿಟ್ಟರ್: ನನ್ನ ಮಾತಿಗೆ ಇನ್ನೂ ಉತ್ತರ ಬಂದಿಲ್ಲ.

ಸಿಎನ್‌ಸಿ ಪ್ರೋಗ್ರಾಮರ್: ಕೊಟ್ಟಾಯಿತು. ಅರ್ಥವಾಗದಿದ್ದರೆ ನಾನೇನು ಮಾಡಲಿ.

ವೈರ್‌ಕಟ್ ಆಪರೇಟರ್: ಸರ್, ಡೈ ಬಿಡಿಸಿ ನೋಡಿದೆ. ಕಿಂಡಿಯ ಮೂಲೆ ಕಡೆ ಬೂದು ಬಣ್ಣ, ಮಿನುಗುತ್ತಿದೆ. ಆದರೆ ಬಿರುಕು ನಡುವೆ ಡೋವೆಲ್ ಹೋಲ್ (ಡೈ ಜಾಗ ಬಿಡದಂತೆ ಹಿಡಿಯುವ ಪಿನ್ನಿನ ತೂತು) ದಾಟಿ ಹೋಗಿದೆ. ಆ ತೂತಿನಿಂದ ಅಂಚಿನವರೆಗೆ ಪೂರ್ತಿ ಹಳದಿ. ಕೆರೆದರೂ ಹೋಗುತ್ತಿಲ್ಲ. ತೂತು 10 ಮಿ.ಮೀ., ಅಂಚಿಗೂ ಅದಕ್ಕೂ ನಡುವೆ 6 ಮಿ.ಮೀ. ಅಷ್ಟೇ ಉಳಿದಿದೆ.

ಡೈ ಮೇಕರ್: ಸಿಕ್ಕಿತು. ಬಿರುಕು ಹುಟ್ಟಿದ್ದು ಡೋವೆಲ್ ಹೋಲಿನಲ್ಲಿ, ಹಾರ್ಡನಿಂಗ್ ಆಗುವಾಗಲೇ. ಆಗ ನಿಮ್ಮ ಕಿಂಡಿ ಇರಲೇ ಇಲ್ಲ. ಪ್ರೆಸ್ಸಿನ ಏಟಿಗೆ ಅದು ಒಳಗಡೆ ಬೆಳೆದು ಮೂಲೆ ಸೇರಿದೆ, ಅಷ್ಟೇ. ಹೊಸ ಡೈಯಲ್ಲಿ ತೂತಿಗೂ ಅಂಚಿಗೂ ನಡುವೆ ತೂತಿನ ವ್ಯಾಸದ ಒಂದೂವರೆ ಪಟ್ಟಾದರೂ ಉಕ್ಕು ಉಳಿಯಲಿ. ತೂತಿನ ಬಾಯಿಗೆ ಎರಡೂ ಕಡೆ ಚಾಂಫರ್ ಹೊಡೆದು ಚೂಪು ಅಂಚು ತೆಗೆಯಿರಿ. ಹಾರ್ಡನಿಂಗ್‌ನಿಂದ ಬಂದ ಕೂಡಲೇ, ವೈರ್‌ಕಟ್‌ಗೆ ಹಾಕುವ ಮೊದಲು, ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣದ ದ್ರವ) ಹಚ್ಚಿ ನೋಡಿ. ಬಿರುಕಿದ್ದರೆ ಕೆಂಪು ಗೆರೆ ಎದ್ದು ಕಾಣುತ್ತದೆ. ಒಡೆದ ತುಂಡುಗಳನ್ನು ಎಸೆಯಬೇಡಿ. ಎಣ್ಣೆ ಸವರಿ ಇಡಿ. ಡ್ರಾಯಿಂಗ್ ಮಾಡಿದವರಿಗೂ ಹೀಟ್ ಟ್ರೀಟ್‌ಮೆಂಟ್‌ನವರಿಗೂ ಆ ಹಳದಿ ತೋರಿಸಿ.

ವೈರ್‌ಕಟ್ ಆಪರೇಟರ್: ಸರಿ ಸರ್. ತುಂಡು ಕೈಯಲ್ಲೇ ಇದೆ, ಡಿಸೈನ್‌ನವರ ಹತ್ತಿರ ಹೊರಟೆ.