ಬಾಲ ಬದಲಾದರೆ ಕೆಲಸವೂ ಬದಲು

"ಇನ್ನು ನನಗೆ ಡಿಕ್ಷನರಿ ಬೇಡ ಕಣ್ರೀ" ಅಂದ ಸೀನ. "ಟೀಚ್ ಮಾಡುವವನು ಟೀಚರ್, ರೈಟ್ ಮಾಡುವವನು ರೈಟರ್. ಕ್ರಿಯಾಪದಕ್ಕೊಂದು 'ಅರ್' ಬಾಲ ಅಂಟಿಸಿದರೆ ಆಳು ರೆಡಿ!"

"ಕುಕ್ ಮಾಡುವವನು?" ಮೇಷ್ಟ್ರು ಕೇಳಿದರು.

"ಕುಕ್ಕರ್!"

"ಎಷ್ಟು ವಿಷಲ್ ಹೊಡೆಯುತ್ತಾನೆ?" ಅಂದಳು ಜಯ.

"ಅಡುಗೆಯವನು ಬರೀ ಕುಕ್ ಕಣೋ. 'ಅರ್' ಹೋಗಿದ್ದು ಪಾತ್ರೆಗೆ" ಅಂದರು ಮೇಷ್ಟ್ರು.

ಸೀನ ಸುಲಭಕ್ಕೆ ಸೋಲುವವನಲ್ಲ. "ಹೋಗಲಿ, ಕೊನೆಗೆ 'ಲಿ' ಬಂದರೆ ಕ್ರಿಯಾವಿಶೇಷಣ. ಕ್ವಿಕ್, ಕ್ವಿಕ್‌ಲಿ. ಇದರಲ್ಲಿ ತಕರಾರಿಲ್ಲ ತಾನೇ?"

"ಫ್ರೆಂಡ್ಲಿ, ಲವ್ಲಿ ಎರಡೂ ಗುಣವಾಚಕ. ಗುಣವಾಚಕಕ್ಕೆ 'ಲಿ' ಹತ್ತಿದರೆ ಸಾಮಾನ್ಯವಾಗಿ ಕ್ರಿಯಾವಿಶೇಷಣ, ನಾಮಪದಕ್ಕೆ ಹತ್ತಿದರೆ ಹೆಚ್ಚಾಗಿ ಗುಣವಾಚಕ. ಬಾಲ ಯಾರದ್ದು ಅಂತ ಮೊದಲು ನೋಡು."

ಜಯ ಕಿಸಕ್ಕನೆ ನಕ್ಕಳು. "ಮೇಷ್ಟ್ರೇ, ಇವನು ಪ್ರೊಮೋಷನ್ ಕೇಳುವಾಗ 'ಐ ಹಾರ್ಡ್ಲಿ ವರ್ಕ್' ಅಂತ ಬರೆದಿದ್ದ!"

ಹಾರ್ಡ್ ಅಂದರೆ ಕಷ್ಟಪಟ್ಟು. ಹಾರ್ಡ್ಲಿ ಅಂದರೆ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವಷ್ಟು.

"ಬಾಸ್ ಏನಂದರೋ?"

"'ಗೊತ್ತು' ಅಂದರು."

ನಗು ನಿಂತ ಮೇಲೆ ಮೇಷ್ಟ್ರು ಪೆನ್ನು ತೆಗೆದರು. ಒಂದೊಂದೇ ಪದ ಬಾಯಿಪಾಠ ಮಾಡುವ ಬದಲು ಇಡೀ ಕುಟುಂಬವನ್ನೇ ಪರಿಚಯ ಮಾಡಿಕೋ ಅನ್ನುವುದು ಅವರ ವಾದ. ಡಿಸೈಡ್ ಕ್ರಿಯೆ, ಡಿಸಿಷನ್ ನಾಮಪದ, ಡಿಸೈಸಿವ್ ಗುಣವಾಚಕ, ಡಿಸೈಸಿವ್‌ಲಿ ಕ್ರಿಯಾವಿಶೇಷಣ. ಬಾಲ ಬಂದಾಗ ಮೈಯೂ ಸ್ವಲ್ಪ ಬದಲಾಗುತ್ತದೆ, ಅಷ್ಟೇ. ಪ್ರೊನೌನ್ಸ್ ನಾಮಪದವಾದಾಗ ನಡುವಿನ 'ನೌನ್' ಹೋಗಿ 'ನನ್' ಆಗುತ್ತದೆ: ಪ್ರನನ್ಸಿಯೇಷನ್. ಉಚ್ಚಾರಣೆ ಅನ್ನುವ ಪದವನ್ನೇ ಜನ ಜಾಸ್ತಿ ತಪ್ಪು ಉಚ್ಚರಿಸುವುದು!

"ಆದರೆ ಒಂದೇ ಮನೆಯವರು ಅಂತ ಗುಣವೂ ಒಂದೇ ಅಂದುಕೊಳ್ಳಬೇಡ. ಟೆರರ್, ಟೆರಿಬಲ್, ಟೆರಿಫಿಕ್ ನೋಡು."

ನನ್ನ ಕೇಳಿದರೆ ಟೆರಿಫಿಕ್‌ನಂಥ ಅದೃಷ್ಟವಂತ ಪದ ಇನ್ನೊಂದಿಲ್ಲ. ಒಂದು ಕಾಲಕ್ಕೆ ಹೆದರಿಕೆ ಹುಟ್ಟಿಸುವಂಥದ್ದು ಅನ್ನುವ ಅರ್ಥವಿತ್ತು, ಈಗ ಭರ್ಜರಿ ಹೊಗಳಿಕೆ. ಪಾಪ, ಟೆರಿಬಲ್ ಇದ್ದಲ್ಲೇ ಉಳಿಯಿತು.

"ಬಾಲ ಯಾವಾಗಲೂ ಆಮೇಲೇ ಬರುತ್ತದೆ, ಅಲ್ವಾ?" ಜಯ ಕೇಳಿದಳು.

"ಅದೂ ಇಲ್ಲ. ಮೊದಲು ಬಂದದ್ದು ಎಡಿಟರ್. ಅದರ ಬಾಲ ಕತ್ತರಿಸಿ ಎಡಿಟ್ ಅನ್ನುವ ಕ್ರಿಯಾಪದ ಮಾಡಿಕೊಂಡರು."

"ಎಡಿಟರನ್ನೇ ಎಡಿಟ್ ಮಾಡಿದರು ಅನ್ನಿ!" ಸೀನನಿಗೆ ಮತ್ತೆ ಹುರುಪು ಬಂತು. "ಹಾಗಾದರೆ ಡಾಕ್ಟರ್ ಬಾಲ ಕತ್ತರಿಸಿದರೆ?"

"ಹೋಗಿ ಕತ್ತರಿಸು" ಅಂದಳು ಜಯ. "ಇಂಜೆಕ್ಟ್‌ಗೆ 'ಷನ್' ಸೇರಿಸಿ ಕಳಿಸುತ್ತಾರೆ."